ಕೀಹೋಲ್ ಸರ್ಜರಿಯ ಮೊದಲ ಚುಚ್ಚು: ‘ಸೇಫ್’ ಸೂಜಿ ಎಷ್ಟು ಸೇಫ್?

ಪ್ರಶ್ನೆ: ಅಮ್ಮನಿಗೆ ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೋಸ್ಕೋಪಿ ಮಾಡಬೇಕಂತೆ. ಮೊದಲ ಸೂಜಿಯನ್ನು ಒಳಗೇನಿದೆ ಎಂದು ಕಾಣದೆಯೇ ಚುಚ್ಚುತ್ತಾರಂತೆ. ಅದಕ್ಕೆ ‘ಹೆಚ್ಚು ಸುರಕ್ಷಿತ’ ಹೊಸ ಸಾಧನಗಳು ಬಂದಿವೆ ಎನ್ನುತ್ತಾರೆ. ಸುರಕ್ಷಿತ ಎಂದು ಹೇಗೆ ಪರೀಕ್ಷಿಸುತ್ತಾರೆ?

ಉತ್ತರ: ಹೊಟ್ಟೆಗೆ ಗ್ಯಾಸ್ ತುಂಬಿ ಜಾಗ ಮಾಡಿಕೊಳ್ಳಲು ಮೊದಲ ಸೂಜಿಯನ್ನು ಕಾಣದೆ ಚುಚ್ಚುವುದು ನಿಜ. ಲ್ಯಾಪ್ರೋಸ್ಕೋಪಿಯ ದೊಡ್ಡ ಅವಘಡಗಳಲ್ಲಿ ಹೆಚ್ಚುಕಮ್ಮಿ ಅರ್ಧ ಆಗುವುದು ಈ ಹಂತದಲ್ಲೇ. ಹಾಗೆಂದು ಗಾಬರಿ ಬೇಡ, ಕರುಳಿಗೋ ದೊಡ್ಡ ರಕ್ತನಾಳಕ್ಕೋ ಪೆಟ್ಟಾಗುವುದು ಸಾವಿರಕ್ಕೆ ಒಂದರ ಆಸುಪಾಸು. ಪರೀಕ್ಷೆ ಕಷ್ಟವಾಗುವುದೂ ಅದರಿಂದಲೇ.

ಈಗಲೂ ಹೆಚ್ಚು ಬಳಕೆಯಲ್ಲಿರುವ ವೆರೆಸ್ ಸೂಜಿ 1930ರ ದಶಕದ್ದು. ಹಂಗೇರಿಯ ಯಾನೋಶ್ ವೆರೆಸ್ ಅದನ್ನು ಮಾಡಿದ್ದು ಹೊಟ್ಟೆಗಲ್ಲ, ಕ್ಷಯರೋಗಿಗಳ ಎದೆಗೂಡಿಗೆ ಗಾಳಿ ತುಂಬಲು. ಸುಮಾರು 2 ಮಿ.ಮೀ. ದಪ್ಪದ ಚೂಪು ಕೊಳವೆ, ಒಳಗೆ ಸ್ಪ್ರಿಂಗ್ ಮೇಲೆ ಕೂತ ಮೊಂಡು ಕಡ್ಡಿ. ಗಟ್ಟಿ ಪದರ ಎದುರಾದರೆ ಕಡ್ಡಿ ಹಿಂದೆ ಸರಿಯುತ್ತದೆ, ಪದರ ಹರಿದೊಡನೆ ‘ಟಕ್’ ಎಂದು ಮುಂದೆ ಚಿಮ್ಮಿ ಚೂಪನ್ನು ಮರೆಮಾಡುತ್ತದೆ. ಅದೇ ಕ್ಷಣದಲ್ಲಿ ತಡೆ ತಪ್ಪಿ, ಒತ್ತುತ್ತಿದ್ದ ಕೈಯೂ ಮುಂದಕ್ಕೆ ಜಾರುತ್ತದೆ. ತೀರಾ ತೆಳ್ಳಗಿನವರಲ್ಲಿ ಹೊಕ್ಕುಳಿಗೂ ಮಹಾಅಪಧಮನಿಗೂ ನಡುವೆ ಕೆಲವೊಮ್ಮೆ ಎರಡೇ ಸೆಂ.ಮೀ. ಅಂತರ.

ಹೊಸ ಸಾಧನಗಳ ಗುರಿ ಈ ಜಾರು. ಒಂದು ಬಗೆಯದು, ಪದರ ದಾಟಿದೊಡನೆ ಕೈಯ ಬಲ ತುದಿಗೆ ತಲುಪದಂತೆ ಕೊಂಡಿ ಬಿಡಿಸಿಕೊಳ್ಳುತ್ತದೆ. ಇನ್ನೊಂದು, ವ್ಯಾಕ್ಯೂಮ್ ಬಟ್ಟಲಿನಿಂದ ಹೊಟ್ಟೆಯ ಗೋಡೆಯನ್ನೇ ಮೇಲೆತ್ತುತ್ತದೆ.

ಮೊದಲ ಪರೀಕ್ಷೆ ಟೇಬಲ್ ಮೇಲೆ. ಹಂದಿಯ ಹೊಟ್ಟೆಯ ಗೋಡೆಯನ್ನು ಚೌಕಟ್ಟಿಗೆ ಬಿಗಿದು, ಮೋಟಾರಿನಿಂದ ಒಂದೇ ವೇಗದಲ್ಲಿ ಚುಚ್ಚಿ, ಬೇಕಾದ ಬಲವನ್ನು ನ್ಯೂಟನ್‌ನಲ್ಲಿ ಅಳೆಯುತ್ತಾರೆ. ಆಮೇಲೆ ವೈದ್ಯರ ಕೈಯಿಂದಲೇ ಚುಚ್ಚಿಸಿ, ಪದರ ದಾಟಿದ ಮೇಲೆ ತುದಿ ಎಷ್ಟು ಮಿ.ಮೀ. ಮುಂದೆ ಹೋಯಿತು ಎಂದು ಕ್ಯಾಮೆರಾದಲ್ಲಿ ನೋಡುತ್ತಾರೆ. ಮೋಟಾರಿಗೆ ಕೈಜಾರು ಇಲ್ಲವಲ್ಲ. ಮೃತದೇಹದ ಮೇಲೂ ಪರೀಕ್ಷಿಸುತ್ತಾರೆ, ಆದರೆ ಫಾರ್ಮಲಿನ್‌ನಲ್ಲಿಟ್ಟ ದೇಹ ಬಿರುಸಾಗಿರುವುದರಿಂದ ಅದರ ಅಂಕಿಗಳನ್ನು ನೆಚ್ಚಲಾಗದು.

ಜಾರು ತಗ್ಗಿದರೆ ಸಾಲದು, ಒಳಹೋಗದ ಚುಚ್ಚುಗಳನ್ನೂ ಎಣಿಸಬೇಕು. ಸ್ಥೂಲಕಾಯದವರಲ್ಲಿ ಒಳಪೊರೆ ಹರಿಯದೆ ಡೇರೆಯಂತೆ ಒಳಕ್ಕೆ ತಗ್ಗಿ, ಗ್ಯಾಸ್ ಪೊರೆಯ ಹೊರಗೇ ತುಂಬಿಕೊಳ್ಳಬಹುದು. ಮತ್ತೆ ಮತ್ತೆ ಚುಚ್ಚಿದಷ್ಟೂ ಅಪಾಯ ಏರುತ್ತದೆ. ಸೂಜಿ ಒಳಗಿದೆಯೋ ಇಲ್ಲವೋ ಎನ್ನುವುದಕ್ಕೆ ನೆಚ್ಚಬಹುದಾದ ಗುರುತು ಗ್ಯಾಸಿನ ಆರಂಭದ ಒತ್ತಡ: 8–10 ಮಿ.ಮೀ. ಪಾದರಸಕ್ಕಿಂತ ಕಡಿಮೆ ಇರಬೇಕು. ನಮ್ಮಲ್ಲಿ ಆಟೋಕ್ಲೇವ್ ಮಾಡಿ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಂದು) ಮರುಬಳಸುವ ಸ್ಟೀಲ್ ಸೂಜಿಗಳು ಮಾಮೂಲು. ತುದಿ ಮೊಂಡಾದರೆ ಹೆಚ್ಚು ಒತ್ತಬೇಕು, ಜಾರೂ ಹೆಚ್ಚುತ್ತದೆ. ಹಾಗಾಗಿ ಮರುಬಳಕೆಯ ಸಾಧನವನ್ನು ಐವತ್ತನೇ ಸಲವೂ ಅಳೆಯದಿದ್ದರೆ ಪರೀಕ್ಷೆ ಅರೆಬರೆ.

ಆಮೇಲೆ ರೋಗಿಗಳ ಸರದಿ, ಇಲ್ಲಿ ಲೆಕ್ಕ ಕೈಕೊಡುತ್ತದೆ. 100 ಜನರಲ್ಲಿ ಒಂದೂ ಅವಘಡ ಆಗಲಿಲ್ಲ ಎಂದರೆ, ಅಪಾಯ ಶೇ. 3ರವರೆಗೂ ಇರಬಹುದು ಎಂದಷ್ಟೇ ಅರ್ಥ. ಸಾವಿರಕ್ಕೆ ಒಂದನ್ನು ಅರ್ಧಕ್ಕಿಳಿಸಿದೆ ಎಂದು ತೋರಿಸಲು ಹಳೆಯ ಸೂಜಿಗೆ ಸುಮಾರು 47,000, ಹೊಸದಕ್ಕೆ ಅಷ್ಟೇ ಜನ ಬೇಕು. ಅಷ್ಟು ಜನರನ್ನು ಯಾವ ಕಂಪನಿ ಸೇರಿಸೀತು? ಚೂಪು ಮುಚ್ಚುವ ಕವಚವಿದ್ದ ಟ್ರೋಕಾರ್‌ಗಳ (ಕ್ಯಾಮೆರಾ, ಉಪಕರಣಗಳನ್ನು ಒಳಬಿಡಲು ಚುಚ್ಚುವ ದಪ್ಪ ಕೊಳವೆಗಳ) ವಿಷಯದಲ್ಲಿ ಇದೇ ಆಯಿತು. ದತ್ತಾಂಶವಿಲ್ಲದೆ ‘ಸುರಕ್ಷಿತ’ ಎಂಬ ಮಾತು ಬಳಸಬೇಡಿ ಎಂದು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 1996ರಲ್ಲೇ ತಯಾರಕರಿಗೆ ಹೇಳಿತ್ತು.

ಅಮ್ಮನಿಗೆ ಹಿಂದೆ ಸಿಸೇರಿಯನ್ ಅಥವಾ ಹೊಟ್ಟೆಯ ಬೇರೆ ಆಪರೇಷನ್ ಆಗಿದ್ದರೆ ಸರ್ಜನ್‌ಗೆ ಮೊದಲೇ ಹೇಳಿ. ಗಾಯದ ಹಿಂದೆ ಕರುಳು ಅಂಟಿಕೊಂಡಿದ್ದರೆ ಅದು ಯಾವ ಸ್ಪ್ರಿಂಗಿಗೂ ತಿಳಿಯದು. ಆಗ ಹೊಕ್ಕುಳು ಬಿಟ್ಟು ಎಡ ಪಕ್ಕೆಲುಬಿನ ಅಂಚಿನಿಂದ 3 ಸೆಂ.ಮೀ. ಕೆಳಗೆ ಚುಚ್ಚುತ್ತಾರೆ, ಇಲ್ಲವೇ ಸಣ್ಣದಾಗಿ ಕೊಯ್ದು ಕಣ್ಣಾರೆ ನೋಡಿಯೇ ಒಳಹೋಗುತ್ತಾರೆ.