ಬೆಳಿಗ್ಗೆ ಏನ್ ತಿಂತು?

ಆಪರೇಷನ್‌ಗೆ ಖಾಲಿ ಹೊಟ್ಟೇಲಿ ಕರ್ಕೊಂಡು ಬನ್ನಿ ಅಂತ ಮೊದಲೇ ಹೇಳಿರ್ತೀನಿ. ಆದ್ರೆ ಆ ದಿನ 'ನಾಯಿಗೆ ಏನಾದ್ರೂ ಕೊಟ್ಟಿದೀರಾ' ಅಂತ ಕೇಳೋದನ್ನೇ ಬಿಟ್ಟುಬಿಟ್ಟಿದೀನಿ. ಕೇಳಿದ್ರೆ 'ಇಲ್ಲ ಸಾರ್, ಏನೂ ಇಲ್ಲ' ಅಂತಾರೆ, ಗ್ಯಾರಂಟಿ. ಈಗ ನೇರವಾಗಿ 'ಬೆಳಿಗ್ಗೆ ಏನ್ ತಿಂತು?' ಅಂತೀನಿ, ಆಗ ಬಾಯ್ತಪ್ಪಿ ಬರುತ್ತೆ, 'ಎರಡೇ ಬಿಸ್ಕೆಟ್ ಸಾರ್, ಪಾಪ ಮುಖಾನೇ ನೋಡ್ತಿತ್ತು'. ಜೊತೇಲಿ ಮಗು ಇದ್ರೆ ಮಗೂನ ಕೇಳ್ತೀನಿ.

ಏನ್ ಮಾಡೋದು, ಮನೆಗೆ ಬಂದವರನ್ನ 'ತಿಂಡಿ ಆಯ್ತಾ' ಅಂತಲೇ ಮಾತಾಡಿಸೋ ಜನ ನಾವು. ಬಿಸ್ಕೆಟ್ ನಮಗೆ ಊಟದ ಲೆಕ್ಕ ಅಲ್ಲ, ಹಾಲು ನೀರಿನ ಲೆಕ್ಕ, ಮೊಸರನ್ನ ತಂಪು. ಮತ್ತಿನ ಇಂಜೆಕ್ಷನ್‌ಗೆ ಮಾತ್ರ ಇವೆಲ್ಲ ಊಟವೇ.

ಯಾಕೆ ಅಂತ ಹೇಳ್ತೀನಿ. ಮತ್ತಿನ ಔಷಧಿ ಬರೀ ನಿದ್ದೆ ಬರಿಸಲ್ಲ. ಅನ್ನನಾಳ ಹೊಟ್ಟೆಗೆ ಸೇರೋ ಜಾಗದಲ್ಲಿ ಒಂದು ಬಿಗಿ ಇರುತ್ತೆ, ಅದು ಸಡಿಲ ಆಗುತ್ತೆ, ನುಂಗೋದು ಕೆಮ್ಮೋದು ಎರಡೂ ನಿಂತೋಗುತ್ತೆ, ಹೊಟ್ಟೇಲಿರೋದು ಸದ್ದೇ ಇಲ್ದೆ ಗಂಟಲಿಗೆ ಬಂದು ಅಲ್ಲಿಂದ ಶ್ವಾಸಕೋಶಕ್ಕೆ ಇಳಿಯುತ್ತೆ. ವಾಂತಿ ಥರ ಓಕರಿಕೆ ಶಬ್ದ ಏನೂ ಬರಲ್ಲ. ಅದರ ಜೊತೆ ನಮ್ಮ ಕಡೆ ತುಂಬಾ ಬಳಸೋ ಝೈಲಜಿನ್ ಅನ್ನೋ ಮತ್ತಿನ ಔಷಧಿ ತಾನೇ ವಾಂತಿ ಬರಿಸುತ್ತೆ, ಬೆಕ್ಕಿಗಂತೂ ಕೇಳೋದೇ ಬೇಡ. 'ಉಸಿರಾಟಕ್ಕೆ ಟ್ಯೂಬ್ ಹಾಕ್ತೀರಲ್ಲ ಡಾಕ್ಟ್ರೇ' ಅಂತ ಗೂಗಲ್ ಮಾಡ್ಕೊಂಡು ಬಂದವರು ಕೇಳ್ತಾರೆ. ಹಾಕ್ತೀವಿ ಸ್ವಾಮಿ, ಅದರ ತುದಿಯ ಬಲೂನ್ ಹೊಟ್ಟೆಯಿಂದ ಬಂದದ್ದು ಶ್ವಾಸಕೋಶಕ್ಕೆ ಇಳಿಯದ ಹಾಗೆ ಅಡ್ಡ ನಿಲ್ಲುತ್ತೆ, ಆದ್ರೆ ಹಾಕೋಕೆ ಮುಂಚಿನ ನಿಮಿಷಗಳು, ತೆಗೆದ ಮೇಲಿನ ನಿಮಿಷಗಳು, ಅವಕ್ಕೆ ಕಾವಲು ಯಾರು?

ಒಂದ್ಸಲ ನಾಲ್ಕು ವರ್ಷದ ಲ್ಯಾಬ್ರಡಾರ್ ಬಂದಿತ್ತು, ಮರಿ ಆಗದ ಹಾಗೆ ಮಾಡೋ ಮಾಮೂಲಿ ಗರ್ಭಕೋಶದ ಆಪರೇಷನ್. ಮಗ ಕರ್ಕೊಂಡು ಬಂದಿದ್ದ, ರಾತ್ರಿಯಿಂದ ಏನೂ ಕೊಟ್ಟಿಲ್ಲ ಅಂತ ಸೈನ್ ಹಾಕಿದ್ದ, ಪಾಪ ಅವನಿಗೆ ಗೊತ್ತಿದ್ದಷ್ಟು ಅದೇ ನಿಜ. ಇಂಜೆಕ್ಷನ್ ಕೊಟ್ಟು ಟ್ಯೂಬ್ ಕೈಗೆ ತಗೊಳ್ಳೋಷ್ಟರಲ್ಲಿ ಮೂಗಲ್ಲಿ ಬಿಳಿ ಬಿಳಿ ಚೂರು, ಬಾಯಿ ತೆಗೆದ್ರೆ ಕಾಯಿಚಟ್ನಿ ವಾಸನೆ. ಇಡ್ಲಿ! ತಲೆ ಕೆಳಗೆ ಮಾಡಿ ಸಕ್ಷನ್ ಹಾಕಿ ಟ್ಯೂಬ್ ಇಳಿಸಿದ್ವಿ, ನಾಲಿಗೆ ನೀಲಿಯಿಂದ ಗುಲಾಬಿಗೆ ಬರೋವರೆಗೆ ನನ್ನ ಉಸಿರೂ ನಿಂತಿತ್ತು. ಆಪರೇಷನ್ ಕ್ಯಾನ್ಸಲ್, ಆಮೇಲೆ ನ್ಯುಮೋನಿಯಾ, ಎಂಟು ದಿನ ಆಂಟಿಬಯೋಟಿಕ್ಕು ನೆಬ್ಯುಲೈಸರ್ರು. ಕೊಟ್ಟಿದ್ದು ಮನೆಯ ಅಜ್ಜಿ, ಎಲ್ಲರಿಗಿಂತ ಜಾಸ್ತಿ ಅದನ್ನ ಮುದ್ದು ಮಾಡೋರು ಅವರೇ. ಬೈಯ್ಯೋಕೆ ಬಾಯೇ ಬರ್ಲಿಲ್ಲ.

ಅನಸ್ತೇಶಿಯಾ ಅಂದ್ರೆ ಹೆದರ್ಕೊಂಡು ಆಪರೇಷನ್ನೇ ಬೇಡ ಅನ್ನೋರೂ ಇದಾರೆ, ಅದೂ ಸರಿಯಲ್ಲ. ಬ್ರಿಟನ್ನಿನಲ್ಲಿ 2002ರಿಂದ 2004ರವರೆಗೆ ನಡೆದ ದೊಡ್ಡ ಅಧ್ಯಯನದಲ್ಲಿ ಅನಸ್ತೇಶಿಯಾಗೆ ಸಂಬಂಧಪಟ್ಟ ಸಾವು ಆರೋಗ್ಯವಾಗಿರೋ ನಾಯಿಗಳಲ್ಲಿ 0.05%, ಅಂದ್ರೆ ಎರಡು ಸಾವಿರಕ್ಕೆ ಒಂದು. ಕಾಯಿಲೆ ಬಿದ್ದ ನಾಯಿಗಳಲ್ಲಿ 1% ದಾಟಿತ್ತು. ನಮ್ಮ ಸಣ್ಣ ಕ್ಲಿನಿಕ್‌ಗಳಿಗೆ ಈ ಲೆಕ್ಕ ಹಾಗೇ ಹೊಂದುತ್ತೆ ಅಂತ ನಾನು ಹೇಳಲ್ಲ. ಆದ್ರೆ ಗರ್ಭಕೋಶದಲ್ಲಿ ಕೀವು ತುಂಬ್ಕೊಂಡ ಮೇಲೆ ಓಡಿ ಬರೋದಕ್ಕಿಂತ ಚೆನ್ನಾಗಿದ್ದಾಗಲೇ ಮಾಡಿಸೋದು ಯಾಕೆ ವಾಸಿ ಅಂತ ಇದರಲ್ಲೇ ಗೊತ್ತಾಗುತ್ತೆ.

ಹಾಗಂತ ಹಿಂದಿನ ದಿನ ಮಧ್ಯಾಹ್ನದಿಂದಲೇ ಉಪವಾಸ ಕೆಡವ್ಬೇಡಿ, ಅತಿಯಾದ್ರೆ ಆಸಿಡ್ ಮೇಲೆ ಬರೋದು ಜಾಸ್ತಿ ಆಗ್ಬೋದು. ನಾನು ಬೆಳೆದ ನಾಯಿಗೆ ಸಾಮಾನ್ಯವಾಗಿ ರಾತ್ರಿ ಹತ್ತಕ್ಕೆ ಹಗುರ ಊಟ ಕೊಟ್ಟು ನಿಲ್ಲಿಸಿ ಅಂತೀನಿ, ಬರೀ ನೀರು ಹೊರಡೋವರೆಗೂ ಇರ್ಲಿ. ಚಿಕ್ಕ ಮರಿಗಳಿಗೆ ಈ ನಿಯಮ ನಡೆಯಲ್ಲ, ಶುಗರ್ ಇಳಿದು ಅದೇ ಅಪಾಯ, ಒಂದೆರಡು ಗಂಟೆ ಸಾಕು. ಮೊಲಕ್ಕೆ ವಾಂತಿ ಮಾಡೋಕೇ ಬರಲ್ಲ, ಅದನ್ನ ಉಪವಾಸ ಹಾಕಿದ್ರೆ ಕರುಳು ನಿಂತೋಗುತ್ತೆ, ಹುಲ್ಲು ಜೊತೇಲೇ ತನ್ನಿ. ಇನ್ಸುಲಿನ್ ತಗೊಳ್ಳೋ ನಾಯಿ, ಪಗ್ ಥರ ಚಪ್ಪಟೆ ಮೂತಿಯವು, ಇವಕ್ಕೆ ನೋಡೋ ಡಾಕ್ಟ್ರು ಏನ್ ಹೇಳ್ತಾರೋ ಅದೇ ಫೈನಲ್, ನನ್ನ ಅಂಕಣ ತೋರಿಸ್ಬೇಡಿ.

ಕೊಟ್ಟುಬಿಟ್ಟಿದ್ರೆ ಹೇಳ್ಬಿಡಿ ಮಾರಾಯ್ರೇ, ಜಾಸ್ತಿ ಅಂದ್ರೆ ಡೇಟ್ ಮುಂದಕ್ಕೆ ಹೋಗುತ್ತೆ.

ಆ ಲ್ಯಾಬ್ರಡಾರ್‌ಗೆ ಎರಡು ತಿಂಗಳಾದ್ಮೇಲೆ ಆಪರೇಷನ್ ಮಾಡಿದ್ವಿ. ಈ ಸಲ ಅಜ್ಜೀನೇ ಬಂದಿದ್ರು, ಬೆಳಿಗ್ಗೆಯಿಂದ ತಾವೂ ಏನೂ ತಿಂದಿರ್ಲಿಲ್ಲ. ಸಾಯಂಕಾಲ ಅದು ತಲೆ ಎತ್ತಿ ಬಾಲ ಅಲ್ಲಾಡಿಸಿದ ತಕ್ಷಣ ಚೀಲದಿಂದ ಟಿಫನ್ ಬಾಕ್ಸ್ ಈಚೆ ಬಂತು. 'ಇನ್ನೂ ಎರಡು ಗಂಟೆ ಬಿಟ್ಟು, ಸ್ವಲ್ಪ ಮಾತ್ರ ಅಮ್ಮ' ಅಂದೆ. ಗಡಿಯಾರ ನೋಡ್ಕೊಂಡು ಅಲ್ಲೇ ಬೆಂಚ್ ಮೇಲೆ ಕೂತ್ಕೊಂಡ್ರು.