ಹೊಲ ನೋಡದವರಿಗೆ ಬರೆಯುವ ವರದಿ

ಬೆಣ್ಣೆಹಳ್ಳ ಉಕ್ಕಿತೆಂದರೆ ನವಲಗುಂದ, ರೋಣ ಭಾಗದ ಎರೆ (ಕಪ್ಪು ಮಣ್ಣಿನ) ಹೊಲಗಳಲ್ಲಿ ನೀರು ನಿಲ್ಲುತ್ತದೆ. ಅದರ ಬೆನ್ನಿಗೇ ಬೆಳೆಹಾನಿ ವರದಿಗಳು ಬರತೊಡಗುತ್ತವೆ. ಅವನ್ನು ಓದಿ ತಿದ್ದುವುದು ನನ್ನ ಕೆಲಸ. ಹೆಚ್ಚಿನವು ಹೀಗಿರುತ್ತವೆ:

‘ಸದರಿ ಗ್ರಾಮದಲ್ಲಿ ಸುರಿದ ಭಾರಿ ಮಳೆಯಿಂದ ಹೆಸರು ಬೆಳೆ ಬಹುತೇಕ ಹಾನಿಗೊಳಗಾಗಿರುವುದು ಕಂಡುಬಂದಿದ್ದು, ಸೂಕ್ತ ಕ್ರಮಕ್ಕಾಗಿ ಸಾದರಪಡಿಸಿದೆ.’

ಇದನ್ನಿಟ್ಟುಕೊಂಡು ಸಹಿ ಹಾಕುವವರು ಏನು ಮಾಡಬೇಕು? ವಿಪತ್ತು ಪರಿಹಾರ ನಿಧಿಯಿಂದ ಹಣ ಸಿಗಬೇಕಾದರೆ ಹಾನಿ ಶೇ 33ಕ್ಕಿಂತ ಕಡಿಮೆ ಇರಬಾರದು. ಮಳೆಯಾಶ್ರಿತಕ್ಕೆ ಒಂದು ದರ, ನೀರಾವರಿಗೆ ಇನ್ನೊಂದು. ‘ಬಹುತೇಕ’ಕ್ಕೆ ಯಾವ ದರ ಹಚ್ಚೋಣ?

ನಾನಾದರೆ ಹೀಗೆ ಬರೆಯುತ್ತೇನೆ: ‘ಪರಿಹಾರಕ್ಕೆ ಶಿಫಾರಸು. ಉತಾರದ (ಪಹಣಿಯ) ಪ್ರಕಾರ ಹೊಲ 4 ಎಕರೆ 20 ಗುಂಟೆ, ಮಳೆಯಾಶ್ರಿತ, ಪೂರ್ತಿ ಹೆಸರು ಬೆಳೆ. ಹಳ್ಳದ ಕಡೆಯ 3 ಎಕರೆಯಲ್ಲಿ ನೀರು ನಿಂತಿದೆ. ಅಲ್ಲಿ ಐದು ಕಡೆ ಹತ್ತತ್ತು ಗಿಡ ನೋಡಿದೆ. 50ರಲ್ಲಿ 38 ಗಿಡಗಳ ಕಾಯಿಯೊಳಗೇ ಕಾಳು ಮೊಳೆತಿದೆ. ಉಳಿದ ಒಂದೂವರೆ ಎಕರೆ ಚೆನ್ನಾಗಿದೆ. ನೀರು ಮೂರು ದಿನದಿಂದ ನಿಂತಿದೆಯೆಂದು ರೈತರು ಹೇಳಿದರು.’

ಶಿಫಾರಸು ಮೊದಲ ಸಾಲಿನಲ್ಲೇ ಬಂತು. ನಮ್ಮ ಕಚೇರಿಗಳಲ್ಲಿ ಅದನ್ನು ಕೊನೆಯ ಪುಟಕ್ಕೆ ತಳ್ಳುವ ರೂಢಿ. ಓದುವವರು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮೀಟಿಂಗ್‌ಗೆ ಕರೆ ಬಂದಿರುತ್ತದೆ. ಇನ್ನು, ಕಣ್ಣಾರೆ ಕಂಡದ್ದು ಬೇರೆ, ರೈತರು ಹೇಳಿದ್ದು ಬೇರೆ ಎಂದು ಓದಿದ ಕೂಡಲೇ ಗೊತ್ತಾಗುತ್ತದೆ. ನಾಳೆ ಯಾರಾದರೂ ತಕರಾರು ತೆಗೆದರೆ ನಿಮ್ಮನ್ನು ಕಾಯುವುದು ಈ ವ್ಯತ್ಯಾಸವೇ. ಚೆನ್ನಾಗಿರುವ ಒಂದೂವರೆ ಎಕರೆಯನ್ನು ಬರೆಯಲು ಕೆಲವರು ಹಿಂಜರಿಯುತ್ತಾರೆ, ರೈತರಿಗೆ ನಷ್ಟವಾದೀತೆಂದು. ಅದನ್ನು ಬರೆದರೇ ಉಳಿದ 3 ಎಕರೆಯ ಲೆಕ್ಕವನ್ನು ಮೇಲಿನವರು ನಂಬುತ್ತಾರೆ.

ಫೋಟೊ ಬೇಕು, ಆದರೆ ಬದುವಿನ ಮೇಲೆ ಸಾಲಾಗಿ ನಿಂತ ಸಾಹೇಬರದ್ದಲ್ಲ. ಸುಲಿದ ಒಂದು ಕಾಯಿ ಸಾಕು.

ಅಳತೆಯನ್ನು ಎಕರೆ-ಗುಂಟೆಯಲ್ಲಿ ಬರೆದು ಪಕ್ಕದಲ್ಲೇ ಹೆಕ್ಟೇರ್ ಹಾಕಿ. 4 ಎಕರೆ 20 ಗುಂಟೆಯನ್ನು 4.20 ಎಂದು ಬರೆದರೆ ಕಂಪ್ಯೂಟರ್ ಮುಂದೆ ಕೂತವರು ದಶಮಾಂಶವೆಂದು ತಿಳಿಯುತ್ತಾರೆ. ಎಕರೆಗೆ 40 ಗುಂಟೆಯಂತೆ ಅದು 4 ಎಕರೆ 8 ಗುಂಟೆಯಾಗುತ್ತದೆ. ಅಲ್ಲಿಗೆ ರೈತರ 12 ಗುಂಟೆ ಹೋಯಿತು.

ಹೊಲ ನೋಡಿದ ದಿನ, ವರದಿ ಬರೆದ ದಿನ ಎರಡನ್ನೂ ನಮೂದಿಸಿ. ನಾಲ್ಕು ದಿನ ಬಿಸಿಲು ಬಿದ್ದರೆ ಎರೆ ಒಣಗಿ ಬಿರಿಯುತ್ತದೆ. ಆಮೇಲೆ ಬಂದ ಪರಿಶೀಲನಾ ತಂಡ ‘ನೀರೆಲ್ಲಿದೆ?’ ಎಂದು ಕೇಳುತ್ತದೆ. ಆಗ ಉತ್ತರ ಕೊಡುವುದು ಆ ಮೊದಲ ದಿನಾಂಕ.