ಆ್ಯಪ್ ಬದಲಿಸುವ ಮೊದಲು ಆ ಒಂದು ಸ್ಲೈಡರ್ ನೋಡಿ

ಜೂನ್ ಮುಗಿಯುತ್ತಿದ್ದಂತೆ ಕಾರವಾರದ ನನ್ನ ಕ್ಲಿನಿಕ್ಕಿಗೆ ಒಂದೇ ನಮೂನೆಯ ಮಂಡಿ ನೋವು ಬರತೊಡಗುತ್ತದೆ. ಮಂಡಿಚಿಪ್ಪಿನ ಸುತ್ತ, ಮುಂಭಾಗದಲ್ಲಿ ನೋವು. ಮೆಟ್ಟಿಲು ಇಳಿಯುವಾಗ ಜಾಸ್ತಿ, ಹೊತ್ತು ಕೂತು ಎದ್ದರೆ ಇನ್ನೂ ಜಾಸ್ತಿ. ಬೇಸಿಗೆಯವರೆಗೆ ಬೆಳಗಾಗುವ ಮೊದಲೇ ಅಂಕೋಲೆಗೆ ಹೋಗಿ ಬರುತ್ತಿದ್ದವರು ಇವರು. ಮಳೆ ಹಿಡಿದ ಮೇಲೆ ಹಿಂದಿನ ಚಕ್ರ ಬಿಚ್ಚಿ, ಸೈಕಲ್ಲನ್ನು ಸ್ಮಾರ್ಟ್ ಟ್ರೇನರಿಗೆ (ತುಳಿತದ ಬಿಗಿ ತಾನೇ ಬದಲಿಸುವ ಸ್ಟ್ಯಾಂಡಿಗೆ) ಕೂರಿಸಿ ಮನೆಯೊಳಗೇ ತುಳಿಯುತ್ತಾರೆ. ತಪ್ಪೇನಿಲ್ಲ. ಜುಲೈ ಮಳೆಯಲ್ಲಿ ಹೆದ್ದಾರಿ 66ರ ಮೇಲೆ ಲಾರಿಗಳ ಪಕ್ಕ ಸೈಕಲ್ ಹೊಡೆಯಿರಿ ಅಂತ ನಾನಂತೂ ಯಾರಿಗೂ ಹೇಳಲ್ಲ. 2024ರಲ್ಲಿ ಶಿರೂರಿನ ಗುಡ್ಡ ಕುಸಿದ ಮೇಲೆ ಮನೆಯವರೂ ಬಿಡುವುದಿಲ್ಲ.

ಬಂದವರು ಮಂಡಿಗಿಂತ ಮೊದಲು, ಪರದೆಯ ಮೇಲೆ ರಸ್ತೆ ತೋರಿಸಿ ಅದರ ಏರಿಳಿತಕ್ಕೆ ತಕ್ಕಂತೆ ಟ್ರೇನರಿನ ಬಿಗಿ ಬದಲಿಸುವ ಆ್ಯಪ್ ವಿಚಾರ ತೆಗೆಯುತ್ತಾರೆ. "ಡಾಕ್ಟ್ರೇ, ಜ್ವಿಫ್ಟ್ ಒಳ್ಳೇದೋ, ಮೈವೂಶ್ ಒಳ್ಳೇದೋ, ರೂವಿಯೋ?" ನಾನು ಡಾಕ್ಟರ್ ಅಲ್ಲ, ಫಿಸಿಯೋಥೆರಪಿಸ್ಟ್. ಹೇಳಿ ಹೇಳಿ ಸಾಕಾಗಿದೆ, ಬಿಡಿ. ಪ್ರಶ್ನೆಯ ಹಿಂದೆಯೇ ಒಂದು ತೀರ್ಪೂ ಇರುತ್ತದೆ. "ಅದರಲ್ಲಿ ಏರು ಸಲೀಸು, ಅದು ಸುಳ್ಳು. ಇದರಲ್ಲಿ ಜೀವ ಹೋಗುತ್ತದೆ, ಇದೇ ನಿಜ."

ಅಲ್ಲ. ಹೆಚ್ಚಿನ ಸಲ ನೀವು ಹೋಲಿಸುತ್ತಿರುವುದು ಆ್ಯಪ್‌ಗಳನ್ನಲ್ಲ, ಎರಡು ಸೆಟ್ಟಿಂಗ್‌ಗಳನ್ನು.

ಜ್ವಿಫ್ಟ್‌ನ ಸೆಟ್ಟಿಂಗ್ ತೆರೆದರೆ 'ಟ್ರೇನರ್ ಡಿಫಿಕಲ್ಟಿ' ಅಂತ ಒಂದು ಸ್ಲೈಡರ್ ಇದೆ. ನೀವಾಗಿ ಮುಟ್ಟದಿದ್ದರೆ ಅದು ನಡುವೆ, 50ರಲ್ಲಿ ಇರುತ್ತದೆ. ಅಂದರೆ ಪರದೆಯ ಮೇಲೆ ಶೇ 8ರ ಏರು ಬಂದಾಗ ಟ್ರೇನರ್ ನಿಮ್ಮ ಕಾಲಿಗೆ ಕೊಡುವುದು ಶೇ 4ರ ಏರಿನ ಬಿಗಿ. ಬೇರೆ ಆ್ಯಪ್‌ಗಳಲ್ಲೂ ಇಂಥದ್ದೇ ಒಂದಿರುತ್ತದೆ. ಹೆಸರು ಬೇರೆ ಇರಬಹುದು, ಮೊದಲೇ ಕೊಟ್ಟಿರುವ ಅಂಕಿಯೂ ಬೇರೆ ಇರಬಹುದು. ಇದನ್ನು ಕಂಡ ಕೂಡಲೇ ನಮ್ಮವರಿಗೆ ಸ್ವಾಭಿಮಾನ ಕೆರಳುತ್ತದೆ. ಅರ್ಧ ಏರು? ನನಗಾ? ಸೀದಾ 100ಕ್ಕೆ ಎಳೆಯುತ್ತಾರೆ. ಮೂರು ವಾರಕ್ಕೆ ನನ್ನ ಬಾಗಿಲಲ್ಲಿ.

ಒಂದು ಮಾತು ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ಇನ್ನೊಮ್ಮೆ ಹೇಳುತ್ತೇನೆ, ನಿಧಾನಕ್ಕೆ. ಸ್ಲೈಡರ್ ಇಳಿಸಿದರೆ ಏರು ಬೇಗ ಮುಗಿಯುವುದಿಲ್ಲ. ಪರದೆಯ ಮೇಲೆ ನಿಮ್ಮ ವೇಗ ಎಷ್ಟು ಅಂತ ಲೆಕ್ಕ ಹಾಕುವುದು ನಿಮ್ಮ ವ್ಯಾಟ್ (ತುಳಿದು ಕೊಡುವ ಶಕ್ತಿ), ನಿಮ್ಮ ತೂಕ ಮತ್ತು ಆ ರಸ್ತೆಯ ಪೂರ್ತಿ ಏರಿನ ಮೇಲೆ. ಜೊತೆಗೆ ನಿಮ್ಮ ಎತ್ತರ, ಸೈಕಲ್ ಮಾದರಿ, ಮುಂದಿನವರ ಗಾಳಿಮರೆ ಇತ್ಯಾದಿ. ಸ್ಲೈಡರ್ ಈ ಲೆಕ್ಕದಲ್ಲೇ ಇಲ್ಲ. ಅದು ಬದಲಿಸುವುದು ಒಂದನ್ನೇ: ಅಷ್ಟೇ ವ್ಯಾಟ್ ಕೊಡಲು ನೀವು ಯಾವ ಗೇರಿನಲ್ಲಿ, ನಿಮಿಷಕ್ಕೆ ಎಷ್ಟು ಸುತ್ತು ತುಳಿಯುತ್ತೀರಿ ಎನ್ನುವುದನ್ನು.

ಒಂದು ಲೆಕ್ಕ ನೋಡಿ. 75 ಕೆ.ಜಿ. ತೂಕದವರು, ಸೈಕಲ್ 8 ಕೆ.ಜಿ. ದಿನವೂ ದಣಿಯದೆ ಕೊಡಬಲ್ಲ ಶಕ್ತಿ 120 ವ್ಯಾಟ್ ಅಂದುಕೊಳ್ಳಿ. ಶೇ 8ರ ಏರಿನಲ್ಲಿ ಇವರ ವೇಗ ಗಂಟೆಗೆ 6 ಕಿ.ಮೀ. ಆಸುಪಾಸು. ಮುಂದೆ 34 ಹಲ್ಲು, ಹಿಂದೆ 28 ಹಲ್ಲಿನ ಗೇರ್ ಇದ್ದರೆ, ಸ್ಲೈಡರ್ 100ರಲ್ಲಿ ನಿಮಿಷಕ್ಕೆ ಬೀಳುವುದು ಸುಮಾರು 40 ಸುತ್ತು. ಅದೇ ಗೇರ್, ಅದೇ 120 ವ್ಯಾಟ್, ಸ್ಲೈಡರ್ ಮಾತ್ರ 50ಕ್ಕೆ ಇಳಿಸಿ. ಸುತ್ತು 70 ದಾಟುತ್ತದೆ. ಪರದೆಯ ಮೇಲೆ ವೇಗ? ಅದೇ 6 ಕಿ.ಮೀ. ಆಲ್ಪ್ ಡು ಜ್ವಿಫ್ಟ್ ಎನ್ನುವ ಏರಿದೆಯಲ್ಲ, ಫ್ರಾನ್ಸಿನ ಆಲ್ಪ್ ಡ್ಯುಯೆಜ್ ನೋಡಿ ಮಾಡಿದ 21 ತಿರುವಿನ ಏರು, 12.2 ಕಿ.ಮೀ. ಉದ್ದ, 1036 ಮೀಟರ್ ಎತ್ತರ. ಇವರು ಅದನ್ನು ಹತ್ತಲು ಸ್ಲೈಡರ್ ಎಲ್ಲಿದ್ದರೂ ಎರಡು ಗಂಟೆ ಬೇಕೇ ಬೇಕು.

ಕಾಲಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. 40 ಸುತ್ತಿನಲ್ಲಿ ಪ್ರತಿ ತುಳಿತಕ್ಕೆ ಬೀಳುವ ಒತ್ತಡ 70ರಲ್ಲಿ ಬೀಳುವುದರ ಹತ್ತಿರ ಹತ್ತಿರ ದುಪ್ಪಟ್ಟು. ಐವತ್ತು ಕೆ.ಜಿ. ಅಡಿಕೆ ಮೂಟೆಯನ್ನು ಒಂದೇ ಸಲಕ್ಕೆ ಹೊತ್ತು ಅಟ್ಟ ಹತ್ತಿಸಬಹುದು, ಅದೇ ಹೊತ್ತಿನಲ್ಲಿ ಎರಡು ಬುಟ್ಟಿ ಮಾಡಿ ಎರಡು ಸಲ ಹತ್ತಿಸಲೂಬಹುದು. ಅಟ್ಟ ಸೇರುವ ಅಡಿಕೆ ಅಷ್ಟೇ.

ಶಿರಸಿ ಕಡೆಯ ಒಬ್ಬ ತೋಟಿಗರು ಕೊನೆಗೂ ಇದನ್ನು ಒಪ್ಪಿದ್ದು ಈ ಮೂಟೆಯ ಲೆಕ್ಕದಲ್ಲೇ. ಅವರ ಮನೆಗೆ ಹೋಗಿದ್ದೆ. ಟ್ರೇನರ್ ಜಗುಲಿಯಲ್ಲಿ, ಕೆಂಪು ಗಾರೆ ನೆಲದ ಮೇಲೆ. ಕೆಳಗೆ ಹಳೇ ಕಂಬಳಿ, ಬೆವರು ಹೀರಲಿಕ್ಕೆ. ಅವರ ಅಮ್ಮ ಕವಳದ ತಬಕು ಹಿಡಿದು ಎದುರಿಗೇ ಕೂತಿದ್ದರು. ಮಗ ತುಳಿಯುವುದನ್ನು ಸ್ವಲ್ಪ ಹೊತ್ತು ನೋಡಿ, "ಇಷ್ಟು ತುಳಿದ್ರೆ ಪಂಪಾದ್ರೂ ತಿರುಗ್ತಿತ್ತು" ಅಂದರು. ನಾನು ನೋಡುತ್ತಿದ್ದದ್ದು ಪರದೆಯ ಮೂಲೆಯ ಕೇಡೆನ್ಸ್, ಅಂದರೆ ನಿಮಿಷದ ಸುತ್ತಿನ ಅಂಕಿ. 41, 39, 42. ಭುಜ ಕಿವಿಗೆ ಬಂದಿತ್ತು. ಹ್ಯಾಂಡಲನ್ನು ಕಿತ್ತು ತೆಗೆಯುವವರ ಹಾಗೆ ಎಳೆಯುತ್ತಿದ್ದರು. ಬಲಗಾಲು ಕೆಳಗೆ ಒತ್ತುವಾಗೆಲ್ಲ ಮಂಡಿ ಒಳಕ್ಕೆ, ಸೈಕಲ್ಲಿನ ಅಡ್ಡಪೈಪಿನ ಕಡೆಗೆ ವಾಲುತ್ತಿತ್ತು. ತುಳಿಯುತ್ತಿರುವಾಗಲೇ ಫೋನ್ ತೆಗೆದುಕೊಂಡು ಸ್ಲೈಡರ್ 100ರಿಂದ 40ಕ್ಕೆ ತಂದೆ. ಗೇರ್ ಬದಲಿಸಬೇಡಿ, ವ್ಯಾಟ್ ಅಷ್ಟೇ ಇರಲಿ ಅಂದೆ. ನಾಲ್ಕೈದು ಸುತ್ತಿಗೆ ಭುಜ ಇಳಿಯಿತು, ಮಂಡಿ ನೇರವಾಯಿತು. ಪರದೆಯ ವೇಗ ಅಲ್ಲಾಡಲಿಲ್ಲ. ಅದನ್ನು ಕಣ್ಣಾರೆ ನೋಡಿದ ಮೇಲೂ ಕೇಳಿದರು: "ಆದ್ರೂ ಇದು ಮೋಸ ಅಲ್ವಾ?"

ಮೋಸ ಎಲ್ಲಿದೆ ಗೊತ್ತಾ? ತೂಕ ಬರೆಯುವ ಜಾಗದಲ್ಲಿ. ಸ್ಲೈಡರ್ ಇಳಿಸುವುದು ಮೋಸ ಅನ್ನುವವರೇ 81 ಕೆ.ಜಿ. ಇದ್ದು 72 ಅಂತ ತುಂಬಿರುತ್ತಾರೆ. ನನ್ನ ಕ್ಲಿನಿಕ್ಕಿನಲ್ಲಿ ತಕ್ಕಡಿ ಇದೆ, ನನಗೆ ಗೊತ್ತಾಗುತ್ತದೆ. ಏರಿನಲ್ಲಿ ವೇಗ ನಿರ್ಧಾರವಾಗುವುದೇ ಕೆ.ಜಿ.ಗೆ ಎಷ್ಟು ವ್ಯಾಟ್ ಎನ್ನುವುದರ ಮೇಲೆ. ಒಂಬತ್ತು ಕೆ.ಜಿ. ಮುಚ್ಚಿಟ್ಟರೆ ಘಟ್ಟ ತಾನಾಗಿಯೇ ತಗ್ಗುತ್ತದೆ. ಅದರ ಬಗ್ಗೆ ಯಾರಿಗೂ ಪಾಪಪ್ರಜ್ಞೆ ಇಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸ್ಲೈಡರ್‌ನಿಂದ ಏನೂ ವ್ಯತ್ಯಾಸವಿಲ್ಲ ಅಂತ ನಾನು ಹೇಳುತ್ತಿಲ್ಲ. ಕಡಿಮೆ ಇದ್ದರೆ ಗೇರ್ ಸಾಲದೆ ಒದ್ದಾಡುವ ಪ್ರಮೇಯ ಬರುವುದಿಲ್ಲ, ಏರಿಳಿತದ ರಸ್ತೆಯಲ್ಲಿ ಒಂದೇ ಹದದಲ್ಲಿ ತುಳಿಯುವುದು ಸುಲಭ. ಅದು ಸಣ್ಣ ಅನುಕೂಲವೇ. ಇನ್ನು ಮಳೆ ಬಿಟ್ಟ ಮೇಲೆ ದೇವಿಮನೆ ಘಟ್ಟವನ್ನೋ ಅಣಶಿಯನ್ನೋ ಹತ್ತುವ ಆಸೆ ಇದ್ದವರು ನಿಧಾನ ಸುತ್ತಿನ ಅಭ್ಯಾಸವನ್ನೂ ಮಾಡಬೇಕು, ಯಾಕೆಂದರೆ ನಿಜದ ಘಟ್ಟಕ್ಕೆ ಸ್ಲೈಡರ್ ಇಲ್ಲ. ಆದರೆ ಅದನ್ನು ವಾರಕ್ಕೊಮ್ಮೆ, ಸ್ವಲ್ಪ ಹೊತ್ತು, ಮಂಡಿ ಚೆನ್ನಾಗಿದ್ದಾಗ ಮಾಡಿ. ಎಲ್ಲರ ಮಂಡಿಯೂ ಒಂದೇ ಥರ ಇರುವುದಿಲ್ಲ. 45 ಸುತ್ತಿನಲ್ಲಿ ಗಂಟೆಗಟ್ಟಲೆ ತುಳಿದು ಆರಾಮಾಗಿರುವವರೂ ಇದ್ದಾರೆ. ಸೀಟಿನ ಎತ್ತರ ತಪ್ಪಿದ್ದರೂ ಇದೇ ನೋವು ಬರುತ್ತದೆ. ದೂರದಿಂದ, ವಾಟ್ಸ್ಆ್ಯಪ್ ವಿಡಿಯೋ ನೋಡಿ ಯಾವುದು ಕಾರಣ ಅಂತ ನಾನು ಹೇಳುವುದಿಲ್ಲ. ದಯವಿಟ್ಟು ಕಳಿಸಬೇಡಿ.

ಸ್ಲೈಡರ್ ಕೆಲಸ ಮಾಡದ ಒಂದು ಜಾಗವಿದೆ: ಅರ್ಗ್ ಮೋಡ್. ವರ್ಕೌಟ್ ಹಾಕಿದಾಗ ಟ್ರೇನರ್ ಏರು ನೋಡುವುದಿಲ್ಲ, ಹೇಳಿದ ವ್ಯಾಟ್ ಹಿಡಿದು ಕೂರುತ್ತದೆ. ನೀವು ಸುಸ್ತಾಗಿ ಸುತ್ತು ಇಳಿಸಿದರೆ ಅದು ಬಿಗಿ ಏರಿಸುತ್ತದೆ. ಬಿಗಿಯಾದಷ್ಟೂ ಸುತ್ತು ಇನ್ನೂ ಇಳಿಯುತ್ತದೆ, ಕೊನೆಗೆ ಕಾಲೇ ನಿಲ್ಲುತ್ತದೆ. ಅಲ್ಲಿ ಹಠ ಹಿಡಿದು ಒತ್ತಬೇಡಿ. ಅರ್ಗ್ ಆಫ್ ಮಾಡಿ, ಸುತ್ತು 80ಕ್ಕೆ ತನ್ನಿ, ಮತ್ತೆ ಆನ್ ಮಾಡಿ. ನಮ್ಮಲ್ಲಿ ಇನ್ನೊಂದು ತಾಪತ್ರಯ ಕರೆಂಟು. ಹೆಚ್ಚಿನ ಟ್ರೇನರ್‌ಗಳು ಕರೆಂಟ್ ಹೋದರೆ ಬಿಗಿಯನ್ನೂ ಬಿಟ್ಟುಬಿಡುತ್ತವೆ. ಜೋರಾಗಿ ಒತ್ತುತ್ತಿರುವ ಕಾಲು ಸಡನ್ನಾಗಿ ಗಾಳಿಗೆ ಹೋಗುತ್ತದೆ. ವೈಫೈ ಡಬ್ಬಿಯನ್ನು ಇನ್ವರ್ಟರಿಗೆ ಹಾಕಿ ಟ್ರೇನರನ್ನು ಬಿಟ್ಟವರು ಬಹಳ ಜನ. ಎರಡನ್ನೂ ಹಾಕಿ.

ಇನ್ನು ಆ್ಯಪ್‌ಗಳ ಮಾತು. ಕೇಳಿದ್ದೀರಿ ಅಂತ ಹೇಳುತ್ತೇನೆ, ಮಂಡಿಗೆ ಇದರಲ್ಲಿ ಯಾವುದೂ ಸಂಬಂಧವಿಲ್ಲ. ಜ್ವಿಫ್ಟ್‌ನಲ್ಲಿ ಯಾವ ಹೊತ್ತಿಗೂ ಜೊತೆಗೆ ಜನ ಸಿಗುತ್ತಾರೆ. ವಟೋಪಿಯಾ ಅನ್ನುವ ಅದರ ಕಲ್ಪನೆಯ ದ್ವೀಪ ಆಟದಂತಿದೆ, ಮಕ್ಕಳೂ ಪಕ್ಕದಲ್ಲಿ ನಿಂತು ನೋಡುತ್ತಾರೆ. ಆದರೆ ತಿಂಗಳಿಗೆ 15 ಡಾಲರ್ ಇದ್ದದ್ದು 2024ರಲ್ಲಿ 20 ಡಾಲರ್ ಆಯಿತು. ಮಳೆಗಾಲಕ್ಕೆ ಮಾತ್ರ ಹಾಕಿಸಿ ಆಮೇಲೆ ನಿಲ್ಲಿಸುವುದು ಜಾಣತನ, ನಿಲ್ಲಿಸಲು ಮರೆಯುವುದು ನಮ್ಮ ರೂಢಿ. ಮೈವೂಶ್ ಪುಕ್ಕಟೆ. ಅಬುಧಾಬಿಯದು. 2024ರ ಯುಸಿಐ (ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ) ಈ-ಸ್ಪೋರ್ಟ್ಸ್ ವಿಶ್ವ ಚಾಂಪಿಯನ್‌ಶಿಪ್ ಇದರಲ್ಲೇ ನಡೆಯಿತು, ಹಾಗಾಗಿ ಪುಕ್ಕಟೆ ಅಂದರೆ ಕಳಪೆ ಅಂದುಕೊಳ್ಳಬೇಡಿ. ರೂವಿ ನಿಜವಾದ ರಸ್ತೆಗಳ ವಿಡಿಯೋ ತೋರಿಸುತ್ತದೆ, ಅದರ ಮೇಲೆ ನಿಮ್ಮ ಗೊಂಬೆ ಓಡುತ್ತದೆ. ಗೊಂಬೆಯಾಟ ಬೇಸರ ಅನ್ನುವ ಐವತ್ತು ದಾಟಿದವರಿಗೆ ಇದು ಹಿಡಿಸುತ್ತದೆ. ಟ್ರೇನರ್‌ರೋಡ್‌ನಲ್ಲಿ ದ್ವೀಪವೂ ಇಲ್ಲ, ರಸ್ತೆಯೂ ಇಲ್ಲ, ಬರೀ ನೀಲಿ ಗ್ರಾಫು. ಶಿಸ್ತಿನವರಿಗೆ ಸಾಕು.

ಒಂದು ಆ್ಯಪ್‌ನಲ್ಲಿ ಎಫ್‌ಟಿಪಿ (ಸುಮಾರು ಒಂದು ಗಂಟೆ ಹಿಡಿದಿಡಬಲ್ಲ ವ್ಯಾಟ್) ಜಾಸ್ತಿ ಬಂತು, ಇನ್ನೊಂದರಲ್ಲಿ ಕಡಿಮೆ ಬಂತು ಅಂತಲೂ ಜಗಳ ತರುತ್ತಾರೆ. ಮೊದಲು ಯಾವ ಪರೀಕ್ಷೆ ಮಾಡಿದಿರಿ ನೋಡಿ. ರ್‍ಯಾಂಪ್ ಪರೀಕ್ಷೆ (ನಿಮಿಷಕ್ಕೊಮ್ಮೆ ವ್ಯಾಟ್ ಏರುತ್ತ ಹೋಗುವುದು) ನಿಮ್ಮ ಅತ್ಯುತ್ತಮ ಒಂದು ನಿಮಿಷದ ವ್ಯಾಟಿನ ಶೇ 75 ತೆಗೆದುಕೊಳ್ಳುತ್ತದೆ, 20 ನಿಮಿಷದ ಪರೀಕ್ಷೆ ಆ ಸರಾಸರಿಯ ಶೇ 95. ಎರಡೂ ಅಂದಾಜೇ. ವ್ಯಾಟ್ ಅಳೆಯುವುದು ಟ್ರೇನರ್, ಆ್ಯಪ್ ಅಲ್ಲ. ಮತ್ತೆ ಜುಲೈ ತಿಂಗಳ ಕಾರವಾರದಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಬೆವರು ಆರುವುದೇ ಇಲ್ಲ. ಅದೇ ವ್ಯಾಟಿಗೆ ಎದೆಬಡಿತ ಏರುತ್ತ ಹೋಗುತ್ತದೆ. ಜನವರಿಯ ಅಂಕಿ ಬರಲಿಲ್ಲ ಅಂತ ಆ್ಯಪ್ ಬೈದರೆ ಏನು ಬಂತು? ಎರಡು ಫ್ಯಾನ್ ಇಡಿ, ಒಂದು ಎದುರಿಗೆ, ಒಂದು ಪಕ್ಕಕ್ಕೆ. ಮುಗಿದ ಮೇಲೆ ಹ್ಯಾಂಡಲ್ ಬುಡದ ಬೋಲ್ಟುಗಳನ್ನು ಒರೆಸಿ. ಸಮುದ್ರದ ಗಾಳಿಗೆ ಮೊದಲೇ ತುಕ್ಕು, ಅದಕ್ಕೆ ನಿಮ್ಮ ಬೆವರೂ ಸೇರಿದರೆ ಅಕ್ಟೋಬರಿಗೆ ಬೋಲ್ಟು ಬಿಚ್ಚಲು ಬರುವುದಿಲ್ಲ.

ನೋವಿದ್ದವರು ಹೀಗೆ ಮಾಡಿ. ಸ್ಲೈಡರ್ 30ರಿಂದ 50ರ ನಡುವೆ ಇಟ್ಟು, ಏರಿನಲ್ಲೂ ಸುತ್ತು 70ಕ್ಕಿಂತ ಕೆಳಗೆ ಹೋಗದ ಗೇರ್ ಹಿಡಿದು ಎರಡು ವಾರ ಸುಮ್ನೆ ತುಳಿಯಿರಿ. ರೇಸು ಬೇಡ. ಬಹಳಷ್ಟು ಜನರಿಗೆ ಅಷ್ಟರಲ್ಲೇ ತಗ್ಗುತ್ತದೆ. ಮಂಡಿ ಊದಿದ್ದರೆ, ಸಿಕ್ಕಿಹಾಕಿಕೊಂಡಂತೆ ಆಗುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋವಿದ್ದರೆ ಈ ಪ್ರಯೋಗ ನಿಮಗಲ್ಲ. ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ಎರಡು ವಾರದ ಮೇಲೂ ನೋವು ಉಳಿದರೆ ಸೈಕಲ್ ಸಮೇತ ಬನ್ನಿ. ಟ್ರೇನರ್ ಹೊತ್ತು ತರಬೇಡಿ, ನನ್ನಲ್ಲಿ ಇದೆ. ಸೀಟಿನ ಕಂಬಕ್ಕೆ ಟೇಪ್ ಸುತ್ತಿ ಎತ್ತರದ ಗುರುತು ಮಾಡಿಕೊಳ್ಳಿ. ಬಸ್ಸಿನಲ್ಲಿ ತರುವಾಗ ಸೀಟ್ ಇಳಿಸಿಬಿಡುತ್ತಾರೆ, ಆಮೇಲೆ ನೀವು ತುಳಿಯುತ್ತಿದ್ದ ಎತ್ತರ ಯಾವುದು ಅಂತ ನಿಮಗೂ ಗೊತ್ತಿರುವುದಿಲ್ಲ, ನನಗೂ ಗೊತ್ತಾಗುವುದಿಲ್ಲ.